ಮಲೆನಾಡಿನ ಮಳೆಗೂ ಬಗ್ಗದ ರಟ್ಟಿನ ಕುರ್ಚಿ

ಸೆರೆಬ್ರಲ್ ಪಾಲ್ಸಿ (ಮಿದುಳಿಗೆ ಪೆಟ್ಟಾಗಿ ಮೈಕೈ ಹಿಡಿತ ತಪ್ಪುವ ಸ್ಥಿತಿ) ಇರುವ ಮಕ್ಕಳಿಗೆ ರಟ್ಟು, ಕಾಗದ, ಅಂಟಿನಿಂದ ಕುರ್ಚಿ ಮಾಡುವ ಕೆಲಸ ಬೆಳೆದದ್ದು ಜಿಂಬಾಬ್ವೆಯಲ್ಲಿ. ನಾನು ಕೈಯಾರೆ ಕಲಿತದ್ದು ಮಲಾವಿಯಲ್ಲಿ, ಸ್ವಯಂಸೇವಕ ಫಿಸಿಯೋ ಆಗಿ ಹೋದಾಗ. ತೀರ್ಥಹಳ್ಳಿಗೆ ಬಂದು ಇದನ್ನೇ ಮಾಡುತ್ತೇನೆ ಅಂದಾಗ ಜೊತೆಯ ಫಿಸಿಯೋಗಳಿಂದ ಹಿಡಿದು ಊರಿನ ಬಡಗಿಯವರೆಗೆ ಎಲ್ಲರದ್ದೂ ಒಂದೇ ಮಾತು: ಆಫ್ರಿಕಾದ ಬಿಸಿಲಿಗೆ ಸರಿ, ಆಗುಂಬೆ ಮಳೆಗೆ ರಟ್ಟು ನಿಲ್ಲುತ್ತದಾ? ನಿಂತಿದೆ. ಹೊಸನಗರ, ತೀರ್ಥಹಳ್ಳಿ ಕಡೆ ಕೊಟ್ಟ ಕುರ್ಚಿಗಳು ಒಂದಕ್ಕಿಂತ ಹೆಚ್ಚು ಮಳೆಗಾಲ ಕಂಡು ಈಗಲೂ ಬಳಕೆಯಲ್ಲಿವೆ. ಆದರೆ ಮಲಾವಿಯ ವಿಧಾನವನ್ನು ಇದ್ದ ಹಾಗೇ ಇಲ್ಲಿ ಮಾಡಿದರೆ ಆಷಾಢ ಮುಗಿಯುವುದರೊಳಗೆ ಕುರ್ಚಿ ಕುಸಿಯುತ್ತದೆ. ಏನೇನು ಬದಲಾಯಿಸಬೇಕಾಯಿತು ಅನ್ನುವುದನ್ನಷ್ಟೇ ಬರೆಯುತ್ತೇನೆ.

ಮಲಾವಿಯಲ್ಲಿ ಮಳೆ ಹೆಚ್ಚುಕಡಿಮೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ, ಉಳಿದ ತಿಂಗಳು ಒಣ ಹವೆ. ಗೋವಿನಜೋಳದ ಹಿಟ್ಟನ್ನು ಗಂಜಿ ಕಾಯಿಸಿ, ರಟ್ಟಿಗೆ ಬಳಿದು, ಒಂದರ ಮೇಲೊಂದು ಅಂಟಿಸಿ ಬಿಸಿಲಿಗಿಟ್ಟರೆ ಎರಡು ಮೂರು ದಿನಕ್ಕೆ ಹಲಗೆಯಷ್ಟು ಗಟ್ಟಿ. ಇಲ್ಲಿ ಜುಲೈನಲ್ಲಿ ಅದೇ ಕೆಲಸ ಮಾಡಿದಾಗ ಎರಡು ವಾರವಾದರೂ ಒಳಪದರ ಹಸಿಯಾಗೇ ಇತ್ತು. ಗಂಜಿ ಅಂಟಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರು. ಮೇಲಿನ ಕೆಳಗಿನ ಪದರ ಒಣಗಿ ಬಿಗಿದುಕೊಂಡ ಮೇಲೆ ನಡುವಿನ ನೀರಿಗೆ ಹೊರಬರಲು ದಾರಿಯೇ ಇಲ್ಲ. ಹುಳಿ ವಾಸನೆ, ಆಮೇಲೆ ಬೂಷ್ಟು, ಆಮೇಲೆ ಪದರ ಬಿಡುವುದು. ಶುರುವಿನ ಹಲಗೆಗಳು ಹೀಗೇ ಬಚ್ಚಲೊಲೆ ಸೇರಿದವು.

ಈಗ ಪದರಗಳ ನಡುವೆ ಗಂಜಿ ಹಾಕುವುದೇ ಇಲ್ಲ. ಬಡಗಿಗಳು ಬಳಸುವ ಬಿಳಿ ಅಂಟಿನಲ್ಲಿ ನೀರು ನಿರೋಧಕ ಬಗೆಯದ್ದನ್ನು ತಂದು, ನಾಲ್ಕು ಪಾಲಿಗೆ ಒಂದು ಪಾಲು ನೀರು ಬೆರೆಸಿ ಬ್ರಷ್‌ನಲ್ಲಿ ತೆಳ್ಳಗೆ ಎಳೆಯುತ್ತೇನೆ. ಮೈದಾ ಗಂಜಿ ಏನಿದ್ದರೂ ಹೊರಗಿನ ಕಾಗದದ ಪಟ್ಟಿಗೆ ಮಾತ್ರ: ಒಂದು ಲೋಟ ಮೈದಾವನ್ನು ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಐದು ಲೋಟ ಕುದಿಯುವ ನೀರಿಗೆ ಸುರಿದು, ಬಿಳುಪು ಹೋಗಿ ಹೊಳಪು ಬರುವವರೆಗೆ ಕೈಯಾಡಿಸುವುದು.

ರಟ್ಟು ಐದು ಪದರದ್ದು ಬೇಕು, ಏಳು ಪದರದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಶಿವಮೊಗ್ಗದ ಹಣ್ಣಿನ ಮಂಡಿಯ ಸೇಬಿನ ಪೆಟ್ಟಿಗೆ, ಫ್ರಿಜ್ ಅಂಗಡಿಯ ಪೆಟ್ಟಿಗೆ ಎರಡೂ ಆಗುತ್ತವೆ. ಹೊಳಪಿನ ಮುದ್ರಣ ಇದ್ದರೆ ಮರಳು ಕಾಗದದಲ್ಲಿ ಉಜ್ಜಿ ತೆಗೆಯಿರಿ, ಅದರ ಮೇಲೆ ಅಂಟು ಕೂರುವುದಿಲ್ಲ. ಒಂದು ಹಾಳೆಯ ನಿರಿಗೆ ಉದ್ದಕ್ಕಿದ್ದರೆ ಮುಂದಿನದ್ದು ಅಡ್ಡಕ್ಕೆ. ಕೂರುವ ಹಲಗೆಗೆ ನಾಲ್ಕು ಹಾಳೆ, ಬೆನ್ನಿಗೂ ಪಕ್ಕಕ್ಕೂ ಮೂರು, ಮುಂದಿನ ಟ್ರೇಗೆ ಎರಡು ಸಾಕು. ಅಂಟಿಸಿದ ಮೇಲೆ, ಎರಡು ಅಡಿಗೆ ಎರಡೂವರೆ ಅಡಿಯ ಹಲಗೆಯ ಮೇಲೆ ಇಪ್ಪತ್ತೈದು ಕೆಜಿ ಭಾರ ಸಮನಾಗಿ ಹರಡಬೇಕು. ಕಲ್ಲನ್ನು ನೇರವಾಗಿ ಹೇರಿದರೆ ಒಳಗಿನ ನಿರಿಗೆ ಅಪ್ಪಚ್ಚಿಯಾಗುತ್ತದೆ. ಆ ಜಾಗ ಆಮೇಲೆ ಎಷ್ಟು ಅಂಟು ಹಾಕಿದರೂ ಬಲ ಹಿಡಿಯುವುದಿಲ್ಲ.

ಒಣಗಿಸಲು ಮಲೆನಾಡಿನ ಮನೆಗಳಲ್ಲೇ ಉಪಾಯವಿದೆ. ಮಳೆಗಾಲದಲ್ಲಿ ಬಚ್ಚಲೊಲೆ ಆರುವುದೇ ಇಲ್ಲ. ಅದರ ಮೇಲಿನ ಅಟ್ಟದಲ್ಲಿ, ಬೆಂಕಿಯಿಂದ ಆರಡಿ ಎತ್ತರಕ್ಕೆ, ಅಡಿಕೆ ದಬ್ಬೆಯ ತಟ್ಟಿ ಮೇಲೆ ಹಲಗೆ ಇಟ್ಟು ದಿನಾ ಮಗುಚಬೇಕು. ಮಗುಚದಿದ್ದರೆ ಒಂದು ಕಡೆ ಸೊಟ್ಟಗಾಗುತ್ತದೆ. ಐದಾರು ದಿನ ಬೇಕು. ಒಣಗಿದ್ದು ಮುಟ್ಟಿದರೆ ತಿಳಿಯುವುದಿಲ್ಲ, ತೂಗಿ ನೋಡಿ. ಎರಡು ದಿನ ತೂಕ ಇಳಿಯದೆ ನಿಂತರೆ ಒಣಗಿದೆ ಅಂತ ಲೆಕ್ಕ. ಬೆರಳಿನ ಗೆಣ್ಣಿನಿಂದ ಕುಟ್ಟಿದರೆ ಹಸಿ ಹಲಗೆ ಮಂಕಾಗಿ ಸದ್ದು ಮಾಡುತ್ತದೆ, ಒಣಗಿದ್ದು ಟಣ್ ಅನ್ನುತ್ತದೆ. ಈಚೆಗೆ ಹಲಗೆಗಳನ್ನೆಲ್ಲ ಫೆಬ್ರವರಿ, ಮಾರ್ಚ್ ಬಿಸಿಲಲ್ಲೇ ಮಾಡಿಟ್ಟುಕೊಂಡು, ಮಳೆಗಾಲದಲ್ಲಿ ಕತ್ತರಿಸಿ ಜೋಡಿಸುವುದಷ್ಟೇ ಇಟ್ಟುಕೊಂಡಿದ್ದೇನೆ.

ಇನ್ನು ನೀರು. ನೀರು ಹಲಗೆಯ ಮೈಮೇಲಿಂದ ಒಳಗೆ ಹೋಗುವುದು ಕಡಿಮೆ. ಹೋಗುವುದು ಕತ್ತರಿಸಿದ ಅಂಚಿನಲ್ಲಿ ಕಾಣುವ ನಿರಿಗೆಯ ಬಾಯಿಯಿಂದ, ಬೆಲ್ಟಿಗೆ ಕೊರೆದ ತೂತಿನಿಂದ, ಮತ್ತು ನೆಲದಿಂದ. ಈ ಮೂರನ್ನು ಮುಚ್ಚಿದರೆ ಅರ್ಧ ಯುದ್ಧ ಗೆದ್ದ ಹಾಗೆ. ಅಂಚಿಗೆ ಎರಡಿಂಚು ಅಗಲದ ಕಾಗದದ ಪಟ್ಟಿ. ಅದನ್ನು ಕತ್ತರಿಸಬೇಡಿ, ಕೈಯಲ್ಲಿ ಹರಿಯಿರಿ. ಹರಿದ ಅಂಚು ಅಂಟಿದ ಮೇಲೆ ಏಳುವುದಿಲ್ಲ. ಮೊದಲು ನ್ಯೂಸ್‌ಪೇಪರ್, ಅದರ ಮೇಲೆ ಪುಸ್ತಕಕ್ಕೆ ಬೈಂಡ್ ಹಾಕುವ ಕಂದು ಕಾಗದ. ಬಣ್ಣ ಬೇರೆಯಾದ್ದರಿಂದ ಎಲ್ಲಿ ಬಿಟ್ಟುಹೋಗಿದೆ ಅಂತ ತಕ್ಷಣ ಕಾಣುತ್ತದೆ. ತೂತಿಗೆ ಅರ್ಧ ಇಂಚಿನ ವೈರಿಂಗ್ ಪೈಪಿನ ತುಂಡು ಇಟ್ಟು ಸುತ್ತ ಅಂಟು ತುಂಬುತ್ತೇನೆ, ಬೆಲ್ಟು ರಟ್ಟಿಗೆ ತಾಗುವುದೇ ಇಲ್ಲ. ಆಮೇಲೆ ಪಾಲಿಯುರೆಥೇನ್ ವಾರ್ನಿಶ್ ಮೈಗೆ ಮೂರು ಕೈ, ಅಂಚಿಗೆ ಐದು ಕೈ. ಮೊದಲ ಕೈ ಥಿನ್ನರ್ ಬೆರೆಸಿ ನೀರಾಗಿಸಿದರೆ ಅಂಚಿನ ಒಳಗೆ ಇಳಿಯುತ್ತದೆ. ಆ ಮೊದಲ ಕೈಗೆ ನಾನು ಸೇರಿಸುವ ಇನ್ನೊಂದು ವಸ್ತು ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಜೊತೆಗೆ ಕೂತು ಕುರ್ಚಿ ಮಾಡುವವರಿಗೆ ತೋರಿಸುತ್ತೇನೆ. ವಾಸನೆ ಪೂರ್ತಿ ಹೋಗುವವರೆಗೆ, ಅಂದರೆ ಎರಡು ವಾರವಾದರೂ, ಮಗುವನ್ನು ಕೂರಿಸಬಾರದು.

ನೆಲದ ವಿಷಯಕ್ಕೆ ಬಂದರೆ, ಕಾವಿ ನೆಲವೂ ಸಗಣಿ ಸಾರಿಸಿದ ನೆಲವೂ ಮಳೆಗಾಲದಲ್ಲಿ ಬೆವರುತ್ತವೆ. ಹಾಗಾಗಿ ನಾಲ್ಕು ಕಾಲು ಕೊಡುವುದಿಲ್ಲ, ಪೆಟ್ಟಿಗೆಯ ಹಾಗೆ ತಳ ಕೊಟ್ಟು ಕೆಳಗೆ ಎರಡು ದಬ್ಬೆ ಕಟ್ಟುತ್ತೇನೆ. ರಟ್ಟು ನೆಲದಿಂದ ಒಂದಿಂಚು ಮೇಲಿರುತ್ತದೆ. ಸ್ಕ್ರೂ ರಟ್ಟಿನಲ್ಲಿ ನಿಲ್ಲುವುದಿಲ್ಲ, ಪೈಪು ಹಾಕಿದ ತೂತಿನ ಮೂಲಕ ನೈಲಾನ್ ಹಗ್ಗದಲ್ಲಿ ಬಿಗಿಯಬೇಕು. ದಬ್ಬೆಯ ಸಿಬಿರು ಎದ್ದರೆ ಮಗುವಿನ ಕಾಲಿಗೆ ಚುಚ್ಚುತ್ತದೆ, ಚೆನ್ನಾಗಿ ಉಜ್ಜಿ ಸೈಕಲ್ ಟ್ಯೂಬ್ ಸುತ್ತಿ.

ಅಳತೆಯ ಬಗ್ಗೆ ಫಿಸಿಯೋಗಳಿಗೆ ಹೇಳಬೇಕಿಲ್ಲ, ಆದರೂ ಎರಡು ಮಾತು. ಕೊಡುಗೆಯಾಗಿ ಬಂದ ಕುರ್ಚಿಗಳಲ್ಲಿ, ಅಲ್ಲೂ ಇಲ್ಲೂ, ಕಂಡ ದೊಡ್ಡ ತೊಂದರೆ ಕೂರುವ ಹಲಗೆ ಉದ್ದವಾಗಿರುವುದು. ಮಗು ಮುಂದೆ ಜಾರಿ ಬೆನ್ನು ಗೂನಾಗುತ್ತದೆ. ಸೊಂಟದ ಹಿಂಭಾಗದಿಂದ ಮಂಡಿಯ ಹಿಂಭಾಗದವರೆಗೆ ಅಳೆದು ಎರಡು ಬೆರಳು ಕಳೆಯಿರಿ. ಎರಡನೆಯದು ಹ್ಯಾಮ್‌ಸ್ಟ್ರಿಂಗ್. ತೊಡೆಯ ಹಿಂಭಾಗದ ಈ ಸ್ನಾಯು ಬಿಗಿಯಾಗಿರುವ ಮಗುವಿನ ಪಾದದ ಹಲಗೆಯನ್ನು ಮುಂದಕ್ಕಿಟ್ಟರೆ ಸ್ನಾಯು ಸೊಂಟವನ್ನು ಹಿಂದಕ್ಕೆ ವಾಲಿಸುತ್ತದೆ, ಎಷ್ಟು ಬೆಲ್ಟು ಬಿಗಿದರೂ ಮಗು ಜಾರುತ್ತದೆ. ಪಾದದ ಹಲಗೆಯನ್ನು ಕುರ್ಚಿಯ ಅಡಿಗೆ ತಳ್ಳಿ, ಮಂಡಿ ಇನ್ನಷ್ಟು ಮಡಿಯಲಿ. ಬೆಲ್ಟು ತೊಡೆಸಂದಿನ ಮೇಲೆ, ಕೂರುವ ಹಲಗೆಗೆ ನಲವತ್ತೈದು ಡಿಗ್ರಿಯಲ್ಲಿ ಬರಬೇಕು. ತೊಡೆ ನಡುವಿನ ಗೂಟ ಮಂಡಿಯ ಹತ್ತಿರ ಇರಬೇಕು, ಅದು ಕಾಲು ಅಗಲಿಸಲು ಇರುವುದೇ ಹೊರತು ಜಾರುವುದನ್ನು ತಡೆಯಲು ಅಲ್ಲ. ಒಂದು ತೊಡೆ ಇನ್ನೊಂದರಷ್ಟು ಅಗಲಿಸಲು ಬಾರದಿದ್ದರೆ ಗೂಟ ಇಡುವ ಮೊದಲು ಸೊಂಟದ ಎಕ್ಸ್‌ರೇ ಮಾಡಿಸಿ, ಕೀಲು ಜಾರಿರಬಹುದು.

ಮಲಾವಿಯಲ್ಲಿ ಮಿದುಳು ಮಲೇರಿಯಾದಿಂದ ಬದುಕಿ ಉಳಿದು ಕೈಕಾಲು ಬಿಗಿದ ಮಕ್ಕಳು ಸಾಕಷ್ಟು ಬರುತ್ತಿದ್ದರು. ನಾನು ಇಲ್ಲಿ ನೋಡುವವರಲ್ಲಿ ಹೆರಿಗೆಯಲ್ಲಿ ಉಸಿರುಗಟ್ಟಿದ ಮಕ್ಕಳ ಜೊತೆಗೆ ಹುಟ್ಟಿದಾಗ ಕಾಮಾಲೆ ತಲೆಗೇರಿದ ಮಕ್ಕಳೂ ಇದ್ದಾರೆ. ಕಾಮಾಲೆಯ ಮಕ್ಕಳ ಕೈಕಾಲು ತಾನಾಗಿ ಹೊರಳುತ್ತಿರುತ್ತದೆ, ಹಗುರ ಕುರ್ಚಿ ಮಗುಚಿಬೀಳುತ್ತದೆ. ಇಂಥವರಿಗೆ ತಳವನ್ನು ಎರಡೂ ಕಡೆ ನಾಲ್ಕಿಂಚು ಅಗಲ ಮಾಡಿ, ಪೆಟ್ಟಿಗೆಯೊಳಗೆ ಐದಾರು ಕೆಜಿ ಹೊಳೆ ಮರಳಿನ ಚೀಲ ಇಡುತ್ತೇನೆ.

ಖರ್ಚು ನೆನಪಿನ ಮೇಲೆ ಹೇಳುತ್ತೇನೆ. ಗುಜರಿಯಿಂದ ತಂದರೆ ರಟ್ಟು ಎಂಟು ಹತ್ತು ಕೆಜಿಗೆ 150 ರೂಪಾಯಿ, ಅಂಟು 250ರ ಹತ್ತಿರ, ವಾರ್ನಿಶ್ ಮತ್ತು ಥಿನ್ನರ್ 450, ರೆಕ್ಸಿನ್, ಸ್ಪಂಜು, ವೆಲ್ಕ್ರೋ ಸೇರಿ 300. ಹೆಚ್ಚೆಂದರೆ 1,200 ರೂಪಾಯಿಗೆ ಕುರ್ಚಿ ಮುಗಿಯುತ್ತದೆ. ಬಡಗಿ ಪ್ಲೈವುಡ್‌ನಲ್ಲಿ ಮಾಡಿಕೊಡಲು 5,000 ಕೇಳಿದ್ದರು. ರೆಡಿಮೇಡ್ ತರಿಸಿದರೆ 10,000 ದಾಟುತ್ತದೆ. ಮಗು ವರ್ಷ ಒಂದೂವರೆ ವರ್ಷಕ್ಕೆ ಬೆಳೆದು ಅಳತೆ ತಪ್ಪುತ್ತದೆ, ಪ್ಲೈವುಡ್ ಕುರ್ಚಿಯನ್ನು ಆಗ ಬಿಸಾಡಲು ಯಾರಿಗೂ ಮನಸ್ಸು ಬರುವುದಿಲ್ಲ, ಮಗು ಅದರಲ್ಲೇ ಮುದುರಿ ಕೂರುತ್ತದೆ.

ಬೇರೆ ಪ್ರಯೋಗಗಳೂ ನಡೆದವು. ಕೂರುವ ಜಾಗಕ್ಕೆ ಅಡಿಕೆ ಹಾಳೆಯನ್ನು ನೆನೆಸಿ ಒತ್ತಿ ಕೂರಿಸಿದ್ದು ಬೇಸಿಗೆಯಲ್ಲಿ ಚೆಂದವಿತ್ತು, ತಂಪಾಗಿತ್ತು. ಮೂತ್ರ ತಾಗಿದ್ದೇ ಬೂಷ್ಟು ಹಿಡಿಯಿತು. ವಾರ್ನಿಶ್ ಬದಲು ಅಡಿಕೆ ಚೊಗರು ಬಳಿದರೆ ಬಣ್ಣ ಬಹಳ ಚೆನ್ನಾಗಿ ಬರುತ್ತದೆ, ನೀರು ಮಾತ್ರ ತಡೆಯುವುದಿಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯಿರಿ ಅಂತ ಕರಾವಳಿಯವರು ಹೇಳುತ್ತಾರೆ, ಅದು ಚರ್ಮ ಸುಡುತ್ತದೆ, ಮಕ್ಕಳ ವಸ್ತುವಿಗೆ ಬೇಡವೇ ಬೇಡ. ಹುಳ ಬರದಂತೆ ಅಂಟಿಗೆ ಮೈಲುತುತ್ತು ಹಾಕುವ ಸಲಹೆಯೂ ಬಂತು. ಅಡಿಕೆ ಕೊಳೆಗೆ ಸರಿ, ಟ್ರೇಯನ್ನು ನೆಕ್ಕುವ, ಕಚ್ಚುವ ಮಗುವಿಗೆ ಅದು ವಿಷ.

ಇದೇ ಕೆಲಸಕ್ಕೆ ಮಲಾವಿಯಂಥ ಕಡೆ ಹೋಗುವವರಿದ್ದರೆ ಚೀಲದಲ್ಲಿ ಕೈಕಾಲಿಗೆ ಆಧಾರ ಕಟ್ಟಲು ಬಿಸಿನೀರಲ್ಲಿ ಬಾಗಿಸುವ ಸ್ಪ್ಲಿಂಟ್ ಹಾಳೆ ತುಂಬಿಕೊಳ್ಳಬೇಡಿ. ತಂದದ್ದು ಮುಗಿದ ದಿನ ಕೆಲಸ ನಿಲ್ಲುತ್ತದೆ. ವೆಲ್ಕ್ರೋ, ಕಟರ್ ಬ್ಲೇಡು, ಅಳತೆ ಟೇಪು, ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಒಯ್ಯಿರಿ. ಅಲ್ಲಿನ ತಾಯಂದಿರು ಚಿಟೆಂಜೆ ಬಟ್ಟೆಯಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾರೆ. ಎರಡೂ ತೊಡೆ ಅಗಲವಾಗಿ ಸಮನಾಗಿರುತ್ತವೆ, ಬಿಗಿದು ಒಂದರ ಮೇಲೊಂದು ಕತ್ತರಿಯಾಗುವ ಕಾಲಿಗೆ ಅದಕ್ಕಿಂತ ಒಳ್ಳೆಯ ಸ್ಥಿತಿ ಇಲ್ಲ. ಅದನ್ನು ಬಿಡಿಸಬೇಡಿ. ನಮ್ಮಲ್ಲಿ ಒಂದೇ ಸೊಂಟದ ಮೇಲೆ ಎತ್ತುವವರಿಗೆ ದಿನಾ ಬದಿ ಬದಲಾಯಿಸಿ ಅಂತ ಹೇಳಿಕೊಡುತ್ತೇನೆ.

ಕುರ್ಚಿ ಕೊಟ್ಟ ಮೊದಲ ವಾರ ದಿನಕ್ಕೆರಡು ಸಲ, ಹದಿನೈದು ಇಪ್ಪತ್ತು ನಿಮಿಷ ಸಾಕು. ಎತ್ತಿದ ಮೇಲೆ ಕುಂಡಿ, ಬೆನ್ನುಮೂಳೆಯ ಕೆಳತುದಿ, ಮಂಡಿಯ ಒಳಬದಿ ನೋಡಿ. ಕೆಂಪು ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಆ ಜಾಗದ ಸ್ಪಂಜು ಬದಲಿಸಬೇಕು, ಅಲ್ಲಿಯವರೆಗೆ ಕೂರಿಸುವಂತಿಲ್ಲ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಅಂಚುಗಳಿಗೆ ಮತ್ತೊಂದು ಕೈ ವಾರ್ನಿಶ್. ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ, ಅಂದರೆ ವಿಆರ್‌ಡಬ್ಲ್ಯೂಗಳಿಗೆ ಇದನ್ನು ಕಲಿಸಿದ ಮೇಲೆ ರಿಪೇರಿಗೆ ಅಂತ ನನ್ನ ಹತ್ತಿರ ಬರುವ ಕುರ್ಚಿ ತೀರಾ ಕಡಿಮೆಯಾಗಿದೆ.