ನಿಂತ ಕಾರು ಚುರುಕಾಗಿ ಹೊರಡಬೇಕೇ? ಎಡಗಾಲು ಪಳಗಿಸಿ

ತೋಟದ ದಾರಿಯಿಂದ ಬಂದು ಕಡೂರು–ಮಂಗಳೂರು ರಸ್ತೆಗೆ ಸೇರುವಾಗ ಎರಡೂ ಕಡೆಯಿಂದ ಬಸ್ಸು, ಲಾರಿ. ನಡುವೆ ಸಣ್ಣದೊಂದು ಗ್ಯಾಪ್ ಸಿಗುತ್ತದೆ. ಅಷ್ಟರಲ್ಲಿ ಕಾರು ಹೊರಡಬೇಕು. ಹೊಸಬರು ಗಾಬರಿಯಲ್ಲಿ ಕ್ಲಚ್ ಫಟ್ಟನೆ ಬಿಡುತ್ತಾರೆ. ರೇಸ್ ಕಮ್ಮಿಯಿದ್ದರೆ ಗಾಡಿ ಜಗ್ಗಿ ಆಫ್ ಆಗುತ್ತದೆ. ಜಾಸ್ತಿಯಿದ್ದರೆ ಚಕ್ರ ನಿಂತಲ್ಲೇ ಗಿರ್ರನೆ ಸುತ್ತುತ್ತದೆ. ಇಲ್ಲಿ ಬಲಗಾಲಿಗಿಂತ ಎಡಗಾಲಿಗೇ ಕೆಲಸ ಹೆಚ್ಚು.

ಮೊದಲು ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ತಿಳಿದುಕೊಳ್ಳಿ. ಖಾಲಿ ಮೈದಾನಕ್ಕೆ ಹೋಗಿ. ಫಸ್ಟ್ ಗೇರ್ ಹಾಕಿ, ಎಕ್ಸಲೇಟರ್ ಮುಟ್ಟದೆ ಕ್ಲಚ್ ನಿಧಾನಕ್ಕೆ ಬಿಡುತ್ತಾ ಬನ್ನಿ. ಒಂದು ಹಂತದಲ್ಲಿ ಎಂಜಿನ್ ಸದ್ದು ತಗ್ಗುತ್ತದೆ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಅನ್ನುವ ಲೆಕ್ಕ) ಮುಳ್ಳು ತುಸು ಇಳಿಯುತ್ತದೆ, ಸೀಟಿನಡಿ ಸಣ್ಣ ನಡುಕ ಬರುತ್ತದೆ. ಅದೇ ಜಾಗ. ಎಂಜಿನ್ ಜೊತೆ ಸುತ್ತುವ ಫ್ಲೈವೀಲ್‌ಗೆ ಕ್ಲಚ್ ಪ್ಲೇಟ್ ಆಗಷ್ಟೇ ತಾಗಿ ಉಜ್ಜಲು ಶುರು ಮಾಡಿರುತ್ತದೆ. ಕಾಲಿಗೆ ಇದು ನೋಡದೇ ಗೊತ್ತಾಗುವ ತನಕ ಮುಂದಿನ ಹಂತಕ್ಕೆ ಹೋಗಬೇಡಿ.

ಈಗ ರೇಸ್. ಸಣ್ಣ ಪೆಟ್ರೋಲ್ ಕಾರಿಗೆ 2,000 ಆರ್‌ಪಿಎಂ ಆಸುಪಾಸು ಸಾಕು. ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇರುವ ಡೀಸೆಲ್ ಆದರೆ 1,500 ದಾಟಲಿ, ಅದಕ್ಕಿಂತ ಕೆಳಗೆ ಹೆಚ್ಚಿನವು ಮಂಕು. ಚಿಕ್ಕಮಗಳೂರು ಪೇಟೆಯೇ ಸಮುದ್ರಮಟ್ಟದಿಂದ 1,000 ಮೀಟರ್‌ಗಿಂತ ಮೇಲಿದೆ. ಗಾಳಿ ತೆಳು, ಟರ್ಬೊ ಇಲ್ಲದ ಎಂಜಿನ್‌ಗೆ ಹತ್ತರಲ್ಲಿ ಒಂದು ಪಾಲು ಶಕ್ತಿ ಕಮ್ಮಿ. ಮಂಗಳೂರಿನಲ್ಲಿ ಓಡಿಸಿದ ಅಂದಾಜು ಇಲ್ಲಿ ಪೂರ್ತಿ ನಡೆಯಲ್ಲ.

ರೇಸ್ ಒಂದೇ ಮಟ್ಟದಲ್ಲಿ ನಿಂತ ಮೇಲೆ ಕ್ಲಚ್ ಅನ್ನು ಹಿಡಿಯುವ ಜಾಗದವರೆಗೆ ಬೇಗ ಬಿಡಿ. ಅಲ್ಲಿ ಕಾಲು ತಡೆಯಿರಿ. ಕಾರು ಒಂದೆರಡು ಮೀಟರ್ ಉರುಳಲಿ, ಮುಳ್ಳು ಇಳಿಯದಂತೆ ಎಕ್ಸಲೇಟರ್ ಸ್ವಲ್ಪ ಸೇರಿಸಿ. ಆಮೇಲೆ ಕ್ಲಚ್ ಪೂರ್ತಿ ಬಿಟ್ಟು ರೇಸ್ ಕೊಡಿ. ಇಡೀ ಆಟ ಇರುವುದು ಆ ತಡೆಯುವ ಗಳಿಗೆಯಲ್ಲಿ. ನಮ್ಮ ಹೆಚ್ಚಿನ ಕಾರುಗಳನ್ನು ಎಳೆಯುವುದು ಮುಂದಿನ ಚಕ್ರ. ಗಾಡಿ ಮುನ್ನುಗ್ಗಿದಾಗ ಭಾರ ಹಿಂದಕ್ಕೆ ವಾಲಿ, ಎಳೆಯಬೇಕಾದ ಚಕ್ರದ ಹಿಡಿತವೇ ಸಡಿಲವಾಗುತ್ತದೆ. ಚಕ್ರ ಕಿರುಚಿದರೆ ನೋಡುವವರಿಗೆ ವೇಗ ಅನ್ನಿಸಬಹುದು, ಗಾಡಿ ಮಾತ್ರ ಹಿಂದೆ. ಆಗ ಎಕ್ಸಲೇಟರ್ ತುಸು ಸಡಿಲಿಸಿ. ಸ್ಟೀರಿಂಗ್ ಆದಷ್ಟು ನೇರ ಇರಲಿ. ಮಳೆಗಾಲದಲ್ಲಿ, ಸಿಲ್ವರ್ ಓಕ್ ಎಲೆ ಬಿದ್ದ ರಸ್ತೆಯಲ್ಲಿ ರೇಸ್ ಇನ್ನೂ ಕಮ್ಮಿ ಮಾಡಿ.

ಕಾಫಿ ತೋಟಗಳ ನಡುವೆ ನಡೆಯುವ ರ‍್ಯಾಲಿ ನೋಡಿ ಬಂದ ಹುಡುಗರು ಮಣ್ಣು ಹಾರಿಸುತ್ತಾ ಹೊರಡಲು ನೋಡುತ್ತಾರೆ. ರ‍್ಯಾಲಿ ಕಾರಿನ ಹಿಂದೆ ಮೆಕ್ಯಾನಿಕ್‌ಗಳ ತಂಡವೇ ಇರುತ್ತದೆ, ದಾರಿಯೂ ಬಂದ್ ಆಗಿರುತ್ತದೆ. ಚಿಕ್ಕಮಗಳೂರು ಪೇಟೆಯ ಐ.ಜಿ. ರೋಡಿನಲ್ಲಿ ಎರಡೂ ಇಲ್ಲ, ಅಲ್ವಾ?

ಏರಿನ ಕಥೆ ಬೇರೆ. ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿ ದಾರಿಯಲ್ಲಿ ಕಾರುಗಳ ಸಾಲು ನಿಂತರೆ ಹಿಂದಿನ ಕಾರಿನ ಬಂಪರ್‌ಗೂ ನಿಮಗೂ ಒಂದು ಮಾರು ಜಾಗ ಉಳಿದರೆ ಪುಣ್ಯ. ಹ್ಯಾಂಡ್‌ಬ್ರೇಕ್ ಎಳೆದಿಡಿ. ರೇಸ್ ಕೊಟ್ಟು ಕ್ಲಚ್ ಬಿಡುತ್ತಾ ಬನ್ನಿ. ಗಾಡಿಯ ಮೂತಿ ಮೇಲೆದ್ದು ಕಾರು ಮುಂದಕ್ಕೆ ಜಗ್ಗತೊಡಗಿದಾಗ ಮಾತ್ರ ಹ್ಯಾಂಡ್‌ಬ್ರೇಕ್ ಇಳಿಸಿ. ಹಾಫ್ ಕ್ಲಚ್‌ನಲ್ಲೇ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸ ಬೇಡ. ಪ್ಲೇಟ್ ಸುಡುವುದೇ ಹಾಗೆ.

ಪ್ರಾಕ್ಟೀಸ್ ಮಾಡುವಾಗಲೂ ಅಷ್ಟೇ. ನಾಲ್ಕೈದು ಸಲ ಹೊರಡಿಸಿ, ಆಮೇಲೆ ಸುಮ್ನೆ ಒಂದು ಸುತ್ತು ಓಡಿಸಿ ಬನ್ನಿ, ಕ್ಲಚ್ ಆರಲಿ. ಸುಟ್ಟ ವಾಸನೆ ಬಂತೋ, ಅವತ್ತಿಗೆ ಸಾಕು.