ಪ್ಯಾನೆಲ್‌ಗಿಂತ ಮೊದಲು ನೀರಿನ ಟಾಕಿ ನೋಡಿ

ವಿಜಯಪುರದ ಹೊಸ ಬಡಾವಣೆಗಳಲ್ಲಿ 30×40 ಮನೆಯ ಮಾಳಿಗೆ ಮೇಲೆ 3 ಕಿಲೋವ್ಯಾಟ್ ಸೋಲಾರ್‌ಗೆ ಜಾಗ ಸಾಲದು ಅನ್ನುವ ಮಾತೇ ಇಲ್ಲ. ಸಾಲದೇ ಇರುವುದು ನೆರಳು ಬೀಳದ ಜಾಗ. ನಾವು ಹಾಕಿದ್ದು 540 ವ್ಯಾಟ್‌ನ ಆರು ಪ್ಯಾನೆಲ್. ಒಂದೊಂದೂ ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ. ಒಂದೇ ಸಾಲಿಗೆ 23 ಅಡಿ, ತೊಳೆಯಲು ಓಡಾಡುವ ದಾರಿ ಸೇರಿ 250 ಚದರಡಿ ಹಿಡಿಯಿತು.

ವಾಸ್ತು ಅಂತ ನಮ್ಮಲ್ಲಿ ಟಾಕಿ ನೈರುತ್ಯಕ್ಕೇ ಇರುತ್ತದೆ. ಸೋಲಾರ್‌ಗೆ ಅದೇ ಕೆಟ್ಟ ಮೂಲೆ. ಡಿಸೆಂಬರ್ 21ರಂದು ಸೂರ್ಯ ದಕ್ಷಿಣಕ್ಕೆ ಪೂರ್ತಿ ಬಾಗಿರುತ್ತಾನೆ. ಪ್ಯಾನೆಲ್ ಮಟ್ಟಕ್ಕಿಂತ 4 ಅಡಿ ಮೇಲಿರುವ ಟಾಕಿಯ ನೆರಳು ಮಧ್ಯಾಹ್ನ ಮೂರೂಕಾಲು, ಮೂರೂವರೆ ಹೊತ್ತಿಗೆ ಸುಮಾರು 7 ಅಡಿ, ಅದೂ ಈಶಾನ್ಯಕ್ಕೆ, ಅಂದರೆ ನೇರ ಪ್ಯಾನೆಲ್ ಮೇಲೆ. ಅದಕ್ಕೇ ಸಾಲನ್ನು ಪೂರ್ವದ ಅಂಚಿಗೆ ಸರಿಸಿದ್ದು. ಹಗ್ಗಕ್ಕೆ ಒಣಹಾಕಿದ ಸೀರೆಯ ನೆರಳೂ ಸಣ್ಣದಲ್ಲ: ನೆರಳು ಮುಚ್ಚಿದ ಸೆಲ್‌ಗಳಿರುವ ಭಾಗವನ್ನು ಬಿಟ್ಟು, ಬೈಪಾಸ್ ಡಯೋಡ್ ಎಂಬ ಬಳಸುದಾರಿಯಲ್ಲಿ ಕರೆಂಟ್ ಹಾಯುತ್ತದೆ, ಆ ಪ್ಯಾನೆಲ್‌ನ ಮೂರನೇ ಒಂದು ಪಾಲು ವಿದ್ಯುತ್ ಹೋದಂತೆ. ದಕ್ಷಿಣಕ್ಕೆ 15 ಡಿಗ್ರಿ ವಾಲಿಸಿದರೆ ಸಾಕು. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಹೆಚ್ಚು ವಾಲಿಸಿದರೆ ಆಗ ನಷ್ಟ.

ಹಳೇ ಮೇಲ್ಮುದ್ದೆ (ಮಣ್ಣಿನ ಮಾಳಿಗೆ) ಮನೆಗೆ ಇದು ಬೇಡವೇ ಬೇಡ. ಸ್ಲ್ಯಾಬ್ ಮೇಲೂ ಬರೀ ಕಾಂಕ್ರೀಟ್ ದಿಮ್ಮಿಯ ಭಾರ ನಂಬಬಾರದು, ಮಳೆಗಾಳಿ ಅಡಿಯಿಂದ ಎತ್ತುತ್ತದೆ. ಗಿಲಾವು ಕೆತ್ತಿ, ಕೆಮಿಕಲ್ ಆಂಕರ್ (ಅಂಟಿನಿಂದ ಸ್ಲ್ಯಾಬ್‌ಗೆ ಹಿಡಿಸುವ ಬೋಲ್ಟ್) ಕೂರಿಸಿ, ಆಮೇಲೆ ದಿಮ್ಮಿ ಹಾಕಿಸಬೇಕು.

ಆರು ಪ್ಯಾನೆಲ್ ಸರಣಿಯಲ್ಲಿ ಸೇರಿದರೆ ಸುಮಾರು 300 ವೋಲ್ಟ್ ಡಿಸಿ. ಬಿಸಿಲಿದ್ದಾಗ ಕನೆಕ್ಟರ್ ಕಿತ್ತರೆ ಕಿಡಿ ಆರುವುದಿಲ್ಲ. ಪ್ಯಾನೆಲ್ ತಂತಿ ಸೇರಿಸುವ ಎಂಸಿ4 ಕನೆಕ್ಟರ್‌ನ ಗಂಡು, ಹೆಣ್ಣು ಎರಡೂ ಒಂದೇ ಕಂಪನಿಯವಿರಲಿ. ಬೆರೆಸಿದರೆ ಬಿಗಿ ಕೂರದೆ ಕಾದು ಕರಗುತ್ತವೆ.

ಹೆಚ್ಚು ತಲೆ ತಿಂದದ್ದು ಎಸಿ ಕಡೆ. ನಡುಹಗಲು, ಚೆನ್ನಾಗಿ ಬಿಸಿಲಿರುವಾಗಲೇ ಇನ್ವರ್ಟರ್ (ಪ್ಯಾನೆಲ್‌ನ ಡಿಸಿಯನ್ನು ಎಸಿ ಮಾಡುವ ಪೆಟ್ಟಿಗೆ) ಬಂದ್. ಇನ್ವರ್ಟರ್‌ನಿಂದ ಮೀಟರ್‌ಗೆ 25 ಮೀಟರ್ ದೂರ, ತಂತಿ 4 ಸ್ಕ್ವೇರ್ ಎಂಎಂ. 14 ಆಂಪ್ ಹರಿದರೆ ತಂತಿಯಲ್ಲೇ 3 ವೋಲ್ಟ್ ಏರುತ್ತದೆ. ಲೈನ್ ವೋಲ್ಟೇಜ್ ಮೊದಲೇ ಮಿತಿಯ ಅಂಚಿನಲ್ಲಿದ್ದರೆ ಅಷ್ಟೇ ಸಾಕು, ಇನ್ವರ್ಟರ್ ತಾನೇ ಕಳಚಿಕೊಳ್ಳುತ್ತದೆ. 10 ಸ್ಕ್ವೇರ್ ಎಂಎಂ ಎಳೆದ ಮೇಲೆ ಆ ಕಾಟ ತಪ್ಪಿತು. ಇನ್ನೊಂದು ಗೊತ್ತಿರಲಿ: ಬ್ಯಾಟರಿ ಇಲ್ಲದ ಈ ಜೋಡಣೆಯಲ್ಲಿ ಹೆಸ್ಕಾಂ ಕರೆಂಟ್ ಹೋದರೆ ಮನೆಯಲ್ಲೂ ಕತ್ತಲೆ.

ವರ್ಷದ ಸರಾಸರಿ ದಿನಕ್ಕೆ 12 ಯೂನಿಟ್. ಏಪ್ರಿಲ್‌ನಲ್ಲಿ ಗಾಜು 65 ಡಿಗ್ರಿ ಮುಟ್ಟುತ್ತದೆ, ನಡುಹಗಲ ಶಕ್ತಿಯಲ್ಲಿ ನೂರಕ್ಕೆ 14ರಷ್ಟು ಕಡಿತ. ಜೋಳದ ರಾಶಿ ಹೊತ್ತಿಗೆ ಸುಂಕು (ತೆನೆಯ ದೂಳು) ಕೂರುತ್ತದೆ, ಹತ್ತು ದಿನಕ್ಕೊಮ್ಮೆ ಹೊತ್ತು ಹುಟ್ಟುವ ಮೊದಲೇ ತೊಳೆಯಬೇಕು. ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳುತ್ತದೆ. ಬೋರ್ ನೀರು ಬಿಳಿ ಕಲೆ ಬಿಡುತ್ತದೆ, ಆರ್‌ಓ ಹೊರಚೆಲ್ಲುವ ನೀರಂತೂ ಅದಕ್ಕಿಂತ ಉಪ್ಪು.

ಪಿಎಂ ಸೂರ್ಯಘರ್ ಸಬ್ಸಿಡಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ, ಆದರೆ ಪ್ಯಾನೆಲ್ ದೇಶೀ ತಯಾರಿಕೆಯದ್ದೇ ಬೇಕು. ಅರ್ಥಿಂಗ್ ಮೂರು, ಬೇರೆ ಬೇರೆ: ಡಿಸಿಗೆ, ಎಸಿಗೆ, ಸಿಡಿಲಿನ ಕಂಬಿಗೆ. ಬೇಸಿಗೆಯಲ್ಲಿ ಎರೆಮಣ್ಣು ಬಿರುಕು ಬಿಟ್ಟು ಅರ್ಥಿಂಗ್ ಕಂಬಿಯಿಂದ ಸರಿಯುತ್ತದೆ. ಅಷ್ಟು ದಿನ ಗುಂಡಿಗೆ ವಾರಕ್ಕೊಂದು ಕೊಡ ನೀರು ಹಾಕಬೇಕು.