ಎಟಿವಿ ಹೊಟ್ಟೆಗೆ ಯಾವ ತಗಡು, ಮೂತಿಗೆ ಯಾವ ಬಂಪರ್?

ಮೊದಲು ಒಂದು ಹಳೇ ಗೋಣಿಚೀಲ ಹಾಸಿಕೊಂಡು ನಿಮ್ಮ ಎಟಿವಿ (ರಸ್ತೆ ಇಲ್ಲದ ಕಡೆಯೂ ಓಡುವ ನಾಲ್ಕು ಚಕ್ರದ ಸಣ್ಣ ಗಾಡಿ) ಅಡಿಗೆ ಮಲಗಿ. ಕ್ಯಾಟಲಾಗು, ವಿಡಿಯೋ, ಆನ್‌ಲೈನ್ ಆರ್ಡರು ಎಲ್ಲ ಆಮೇಲೆ. ಗಾಡಿ ಸಮತಟ್ಟು ಜಾಗದಲ್ಲಿರಲಿ, ಪಾರ್ಕಿಂಗ್ ಬ್ರೇಕ್ ಹಾಕಿರಲಿ, ಬರೀ ಜಾಕ್ ನಂಬಿ ಅಡಿಗೆ ತಲೆ ಹಾಕಬೇಡಿ. ಈಗ ಟಾರ್ಚ್ ಬಿಟ್ಟು ನೋಡಿ. ಗೀರುಗಳು ಕಾಣುತ್ತವೆ ಅಲ್ವಾ? ಎಲ್ಲಿ ಬಣ್ಣ ಕಿತ್ತಿದೆ, ಎಲ್ಲಿ ಕಬ್ಬಿಣ ಬೆಳ್ಳಗಾಗಿದೆ, ಎಲ್ಲಿ ತಗ್ಗು ಬಿದ್ದಿದೆ ಅಂತ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ನಿಮಗೆ ಯಾವ ಗಾರ್ಡ್ (ಏಟು ತಡೆಯೋಕೆ ಅಡಿಗೆ ಹಾಕಿಸುವ ತಗಡು) ಬೇಕು ಅನ್ನೋದು ಆ ಫೋಟೊದಲ್ಲೇ ಇದೆ.

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ನಮ್ಮದು ಸಕಲೇಶಪುರದ ಕಡೆಯ ಕಾಫಿ ತೋಟ. ಜೀಪು ಹೋಗದ ಕಡೆ ಗೊಬ್ಬರದ ಮೂಟೆ, ಸ್ಪ್ರಿಂಕ್ಲರ್ ಪೈಪು, ಡೀಸೆಲ್ ಕ್ಯಾನು ಸಾಗಿಸೋಕೆ ಎಟಿವಿ ತಂದೆವು. ಇಲ್ಲಿ ಬಂಡೆಗಿಂತ ಬೊಡ್ಡೆ ಕಾಟ ಜಾಸ್ತಿ. ಹಳೇ ಗಿಡ ಕಡಿದ ಜಾಗದಲ್ಲಿ, ಕತ್ತಿಯಲ್ಲಿ ಓರೆಯಾಗಿ ಹೊಡೆದ ಚೂಪು ಮೋಟು ತರಗೆಲೆ ಕೆಳಗೆ ಅಡಗಿ ಕೂತಿರುತ್ತದೆ. ಮೊದಲ ವರ್ಷವೇ ಅಂಥದ್ದೊಂದು ಮೋಟು ಮುಂದಿನ ಆಕ್ಸಲ್‌ನ ರಬ್ಬರ್ ಬೂಟ್ (ಕೀಲಿನ ಗ್ರೀಸು ಹೊರಬರದಂತೆ ಹಿಡಿದಿಡುವ ಮುಸುಕು) ಹರಿದುಹಾಕಿತು. ಹರಿದದ್ದು ಯಾರಿಗೂ ಗೊತ್ತಾಗಲಿಲ್ಲ. ಗ್ರೀಸು ಹೊರಗೆ ಬಂತು, ಮಣ್ಣು ಒಳಗೆ ಹೋಯಿತು, ಹದಿನೈದು ದಿನದಲ್ಲಿ ತಿರುವಿನಲ್ಲೆಲ್ಲ ಟಕಟಕ ಸದ್ದು ಶುರುವಾಯಿತು. ಜಾಯಿಂಟೇ ಹೋಗಿತ್ತು. ಇಂಜಿನ್ ಕೆಳಗೆ ನಾನು ಹಾಕಿಸಿದ್ದ ದುಬಾರಿ ಚೇಂಬರ್ ಗಾರ್ಡ್ ಮಾತ್ರ ಶೋರೂಮಿನಲ್ಲಿದ್ದ ಹಾಗೇ ಫಳಫಳ ಹೊಳೆಯುತ್ತಿತ್ತು.

ಏನೇನು ಮುಚ್ಚಬೇಕು

ಎಟಿವಿ ಅಡಿಯಲ್ಲಿ ಏಟು ತಿನ್ನುವ ಜಾಗ ಆರೇಳು. ಇಂಜಿನ್ ಚೇಂಬರ್, ಮುಂದಿನ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರು), ಹಿಂದಿನ ಗೇರ್‌ಕೇಸ್, ಫ್ರೇಮಿನ ಪೈಪುಗಳು. ಇವು ನಡುವಿನವು. ಆಚೀಚೆ ಚಕ್ರಕ್ಕೆ ಹೋಗುವ ಎ-ಆರ್ಮ್‌ಗಳು (ಚಕ್ರವನ್ನು ಫ್ರೇಮಿಗೆ ಹಿಡಿದಿರುವ ತೋಳುಗಳು), ಅವುಗಳ ಮೇಲೇ ತಿರುಗುವ ಆಕ್ಸಲ್, ಅದರ ಬೂಟು. ಹೆಚ್ಚಿನ ಗಾಡಿಗಳಿಗೆ ಕಂಪನಿಯವರೇ ನಡುವಿಗೆ ತೆಳ್ಳನೆಯ ಪ್ಲಾಸ್ಟಿಕ್ ತಗಡು ಕೊಟ್ಟಿರುತ್ತಾರೆ. ಕೆಸರು ಎರಚದ ಹಾಗೆ ತಡೆಯೋಕೆ ಅದು ಸಾಕು, ಕಲ್ಲಿಗೆ ಸಾಲದು.

ಬೊಡ್ಡೆ, ಕೊಂಬೆ, ಮರಗಸಿ ಮಾಡಿ (ನೆರಳು ಮರದ ಕೊಂಬೆ ಸವರಿ) ಬಿಟ್ಟ ರೆಂಬೆ ಇರುವ ಕಡೆ ಓಡಿಸುವವರು ಮೊದಲು ಎ-ಆರ್ಮ್ ಗಾರ್ಡ್ ಹಾಕಿಸಿ. ಹಳ್ಳದ ಉರುಟು ಕಲ್ಲು, ಬಂಡೆ ಮೇಲೆ ಹತ್ತಿಸಿ ಇಳಿಸುವವರಿಗೆ ನಡುವಿನ ಪೂರ್ತಿ ತಗಡು ಬೇಕು. ಹೋಂಸ್ಟೇ ಅಂಗಳದಲ್ಲಿ ಟೈರ್ ಜೋಡಿಸಿದ ಟ್ರ್ಯಾಕಿನಲ್ಲಿ ಮಕ್ಕಳನ್ನು ಸುತ್ತಿಸುವ ಗಾಡಿಗೆ ಇದೆಲ್ಲ ಸುಮ್ನೆ ಖರ್ಚು. ಅದಕ್ಕೆ ಒಳ್ಳೇ ಬಂಪರ್ ಒಂದು ಸಾಕು.

ಕಬ್ಬಿಣವೋ, ಅಲ್ಯೂಮಿನಿಯಮ್ಮೋ, ಪ್ಲಾಸ್ಟಿಕ್ಕೋ

ತೂಕದ ಲೆಕ್ಕ ಹಾಕೋಣ. ಗಾಡಿ ಹೊಟ್ಟೆ ಮುಚ್ಚೋಕೆ ಸುಮಾರು ಅರ್ಧ ಚದರ ಮೀಟರ್ ತಗಡು ಅಂದುಕೊಳ್ಳಿ. 3 ಮಿ.ಮೀ. ಎಂಎಸ್ ಶೀಟ್ (ಮಾಮೂಲಿ ಕಬ್ಬಿಣದ ತಗಡು) ಆದರೆ ಹತ್ತಿರ ಹತ್ತಿರ 12 ಕೆ.ಜಿ. 5 ಮಿ.ಮೀ. ಅಲ್ಯೂಮಿನಿಯಂ ಆದರೆ ಏಳು ಕೆ.ಜಿ.ಗೆ ಸ್ವಲ್ಪ ಕಮ್ಮಿ. 12 ಮಿ.ಮೀ. ದಪ್ಪದ ಗಟ್ಟಿ ಪ್ಲಾಸ್ಟಿಕ್ ಆದರೆ ಐದೂವರೆ ಕೆ.ಜಿ. ಆಸುಪಾಸು.

ಕಬ್ಬಿಣ ಅಗ್ಗ, ಎಲ್ಲ ಊರಲ್ಲೂ ಸಿಗುತ್ತದೆ, ಬಗ್ಗಿದರೆ ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಬಹುದು. ಆದರೆ ನಮ್ಮ ಮಳೆಗಾಲ ಗೊತ್ತಲ್ಲ. ಕಲ್ಲು ತಾಗಿ ಬಣ್ಣ ಹೋದ ಜಾಗದಲ್ಲಿ ವಾರದೊಳಗೆ ತುಕ್ಕು.

ಅಲ್ಯೂಮಿನಿಯಂ ಕೊಳ್ಳುವಾಗ ಗ್ರೇಡ್ ಕೇಳಿ. 5052 ಅನ್ನೋದು ಬಗ್ಗುತ್ತದೆ, ಬೇಗ ಸೀಳುವುದಿಲ್ಲ, ಸ್ಕಿಡ್ ಪ್ಲೇಟಿಗೆ (ಹೊಟ್ಟೆ ಮುಚ್ಚುವ ಈ ತಗಡಿಗೆ) ಅದೇ ಸರಿ. 6061 ಅದಕ್ಕಿಂತ ಗಟ್ಟಿ ನಿಜ, ಆದರೆ ಹದ ಮಾಡಿದ ಶೀಟನ್ನು ಚೂಪಾಗಿ ಮಡಿಸಿದರೆ ಮಡಿಕೆಯಲ್ಲೇ ಬಿರುಕು ಬಿಡುತ್ತದೆ. ಅಲ್ಯೂಮಿನಿಯಮ್ಮಿನ ನಿಜವಾದ ತೊಂದರೆ ಬೇರೆ. ಅದು ಕಲ್ಲಿನ ಮೇಲೆ ಜಾರೋದಿಲ್ಲ, ಕಚ್ಚಿಕೊಳ್ಳುತ್ತದೆ. ಬಂಡೆ ಮೇಲೆ ಹೊಟ್ಟೆ ಕೂತರೆ ಕರ್ರ್ ಅಂತ ಅಲ್ಲೇ ನಿಲ್ಲುತ್ತದೆ.

ಜಾರುವುದು ಪ್ಲಾಸ್ಟಿಕ್. ಯುಎಚ್‌ಎಂಡಬ್ಲ್ಯು ಅಂತ ಹೆಸರು, ಪಾಲಿಥೀನ್ ಜಾತಿಯದೇ. ಟಿಪ್ಪರ್ ತೊಟ್ಟಿಯಲ್ಲಿ ಮಣ್ಣು ಅಂಟದಿರಲಿ ಅಂತ ಒಳಗೆ ಹಾಸುವುದು ಇದನ್ನೇ, ಮಂಡಿ ಆಪರೇಷನ್ ಮಾಡಿ ಕೃತಕ ಕೀಲು ಕೂರಿಸುವಾಗ ನಡುವೆ ಇಡುವುದೂ ಇದೇ ಜಾತಿಯದು, ಅಷ್ಟು ನುಣುಪು, ಅಷ್ಟು ಬಾಳಿಕೆ. ಏಟು ಬಿದ್ದರೆ ಬಗ್ಗಿ ವಾಪಸ್ ಬರುತ್ತದೆ. ತುಕ್ಕಿನ ಮಾತೇ ಇಲ್ಲ. ಕಲ್ಲು ಬಡಿದರೆ ತಗಡಿನ ಹಾಗೆ ಡಂಗುರದ ಸದ್ದೂ ಇಲ್ಲ.

ಹಾಗಂತ ಕಣ್ಣು ಮುಚ್ಚಿ ಕೊಳ್ಳಬೇಡಿ. ಇದು ಬಿಸಿಗೆ ಆಗಿಬರದು. 130 ಡಿಗ್ರಿ ದಾಟಿದರೆ ಕರಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಸೈಲೆನ್ಸರ್ ಪೈಪು ತಗಡಿಗೆ ತೀರಾ ಹತ್ತಿರ ಹಾದುಹೋಗುವ ಗಾಡಿಯಾದರೆ ಆ ಭಾಗಕ್ಕೆ ಅಲ್ಯೂಮಿನಿಯಮ್ಮೇ ಸರಿ. ಇನ್ನೊಂದು, ಬಿಸಿಲಿಗೆ ಇದು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಶೀಟು ಬೆಳಗಿನ ಚಳಿಯಿಂದ ಮಧ್ಯಾಹ್ನದ ಬಿಸಿಗೆ ಬರುವಷ್ಟರಲ್ಲಿ ನಾಲ್ಕೈದು ಮಿ.ಮೀ. ಬೆಳೆದಿರುತ್ತದೆ. ಬೋಲ್ಟಿನ ತೂತು ದುಂಡಗೆ, ಬಿಗಿಯಾಗಿ ಇದ್ದರೆ ಶೀಟು ಹಪ್ಪಳದ ಹಾಗೆ ಉಬ್ಬುತ್ತದೆ. ಅದಕ್ಕೇ ತೂತು ಉದ್ದುದ್ದ ಇರಬೇಕು, ಮೇಲೆ ಅಗಲದ ವಾಷರ್ ಬೇಕು. ಕೊಳ್ಳುವಾಗ ಮೊದಲು ಇದನ್ನು ನೋಡಿ. ತೂತು ದುಂಡಗಿದ್ದರೆ, ಮಾಡಿದವರಿಗೆ ಈ ಪ್ಲಾಸ್ಟಿಕ್ಕಿನ ಗುಣ ಗೊತ್ತಿಲ್ಲ ಅಂತಲೇ ಅರ್ಥ.

ನನ್ನ ಆಯ್ಕೆ ಕೇಳಿದರೆ, ನಡುವಿಗೆ ಪ್ಲಾಸ್ಟಿಕ್, ಸೈಲೆನ್ಸರ್ ಹತ್ತಿರ ಅಲ್ಯೂಮಿನಿಯಂ, ಎ-ಆರ್ಮ್‌ಗಳಿಗೆ ಪ್ಲಾಸ್ಟಿಕ್. ಊರಿನ ವೆಲ್ಡಿಂಗ್ ಶಾಪಿನಲ್ಲೇ ಮಾಡಿಸೋದಾದರೆ 3 ಮಿ.ಮೀ. ಕಬ್ಬಿಣಕ್ಕೆ ಅಡ್ಡಿಯಿಲ್ಲ. ಚೆಕ್ಕರ್ ಪ್ಲೇಟ್ ಹಾಕಿಕೊಡ್ತೀನಿ, ಚೆನ್ನಾಗಿ ಕಾಣುತ್ತೆ ಸಾರ್ ಅಂತಾರೆ. ಒಪ್ಪಬೇಡಿ. ಆ ಉಬ್ಬು ಗೀಟುಗಳು ಕಾಲು ಜಾರದಿರಲಿ ಅಂತ ಇರೋದು, ನಮಗೆ ಬೇಕಾದ್ದು ಜಾರೋ ತಗಡು.

ತೂತುಗಳ ವಿಷಯ

ನಾನು ಮೊದಲು ಮಾಡಿಸಿದ ತಗಡಿನಲ್ಲಿ ಆಯಿಲ್ ಇಳಿಸುವ ಬೋಲ್ಟಿಗೆ ತೂತೇ ಬಿಟ್ಟಿರಲಿಲ್ಲ. ಪ್ರತಿ ಸಲ ಆಯಿಲ್ ಬದಲಾಯಿಸೋಕೆ 14 ಬೋಲ್ಟು ಬಿಚ್ಚಬೇಕು. ಮೂರನೇ ಸಲಕ್ಕೆ ಎರಡು ಬೋಲ್ಟಿನ ತಲೆ ಸವೆದು ಅಲೆನ್ ಕೀ ಕೂರದೆ, ಗ್ರೈಂಡರ್ ಹಿಡಿಯಬೇಕಾಯಿತು. ಡ್ರೈನ್ ಬೋಲ್ಟು, ಆಯಿಲ್ ಫಿಲ್ಟರು, ಎರಡರ ಕೆಳಗೂ ಕೈ ಹೋಗುವಷ್ಟು ತೂತು ಇರಲಿ. ಕೆಸರು ತೊಳೆದ ನೀರು ಇಳಿಯೋಕೆ ಹಿಂದಿನ ತುದಿಯಲ್ಲಿ ಒಂದೆರಡು ಕಿಂಡಿ. ತೂತು ಜಾಸ್ತಿಯಾದರೆ ಮೋಟು ಸಿಕ್ಕಿಹಾಕಿಕೊಳ್ಳುತ್ತದೆ, ಅಷ್ಟೂ ಬೇಡ. ಬೋಲ್ಟಿನ ತಲೆ ತಗಡಿನ ಮಟ್ಟಕ್ಕೆ ಒಳಗೆ ಕೂರಬೇಕು. ಹೊರಗೆ ಚಾಚಿದ್ದರೆ ಕಲ್ಲು ಮೊದಲು ತಿನ್ನುವುದೇ ಅದನ್ನ.

ತಗಡಿಗೂ ಇಂಜಿನ್ನಿಗೂ ನಡುವೆ ತರಗೆಲೆ ಸೇರಿಕೊಳ್ಳೋದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಫೆಬ್ರವರಿ, ಮಾರ್ಚಿನ ಒಣ ಎಲೆ ಕಾದ ಸೈಲೆನ್ಸರಿಗೆ ತಾಗಿದರೆ ಗಾಡಿಗೂ ಬೆಂಕಿ, ತೋಟಕ್ಕೂ ಬೆಂಕಿ. ಬೇಸಿಗೆಯಲ್ಲಿ ಪ್ರತಿ ಸಂಜೆ ಇಂಜಿನ್ ತಣ್ಣಗಾದ ಮೇಲೆ ಒಂದು ಕಡ್ಡಿ ಹಾಕಿ ಕೆದಕಿ.

ಬಂಪರ್

ಬಂಪರ್ ಎಷ್ಟು ದಪ್ಪ ಅನ್ನೋದಕ್ಕಿಂತ ಅದು ಎಲ್ಲಿ ಕೂರುತ್ತದೆ ಅಂತ ನೋಡಿ. ಫ್ರೇಮಿಗೇ ಕನಿಷ್ಠ ನಾಲ್ಕು ಕಡೆ ಬೋಲ್ಟ್ ಆಗಬೇಕು. ಮೇಲಿನ ಲಗೇಜ್ ಕ್ಯಾರಿಯರಿಗೋ ಪ್ಲಾಸ್ಟಿಕ್ ಬಾಡಿಗೋ ಸಿಕ್ಕಿಸುವ ಬಂಪರ್ ಬರೀ ಅಲಂಕಾರ. ಪೈಪು ಒಂದೂಕಾಲು, ಒಂದೂವರೆ ಇಂಚು ವ್ಯಾಸ, ಗೋಡೆ 2 ಮಿ.ಮೀ. ಇದ್ದರೆ ತೋಟದ ಕೆಲಸಕ್ಕೆ ಧಾರಾಳ. ಇನ್ನೂ ಗಟ್ಟಿ ಇರಲಿ ಅಂತ ನೀರಿನ ದಪ್ಪ ಜಿಐ ಪೈಪ್ ತಂದು ವೆಲ್ಡ್ ಮಾಡಿಸುವವರಿದ್ದಾರೆ. ಬಂಪರ್ ಬಗ್ಗದೇ ಹೋದರೆ ಏಟು ಸೀದಾ ಫ್ರೇಮಿಗೆ ಹೋಗುತ್ತದೆ. ಬಂಪರ್ ಬದಲಾಯಿಸೋದು ಒಂದು ಮಧ್ಯಾಹ್ನದ ಕೆಲಸ, ಫ್ರೇಮ್ ಸೊಟ್ಟಗಾದರೆ ಚಕ್ರದ ಅಲೈನ್‌ಮೆಂಟೇ ಹೋಯಿತು. ಜಿಐ ಪೈಪಿನ ಸತುವಿನ ಹೊಗೆ ವೆಲ್ಡ್ ಮಾಡುವ ಹುಡುಗನಿಗೂ ಒಳ್ಳೇದಲ್ಲ.

ಮುಂದಿನ ಬಂಪರ್ ರೇಡಿಯೇಟರಿಗೆ ಗಾಳಿ ಬಿಡಬೇಕು, ಹೆಡ್‌ಲೈಟ್ ಮುಚ್ಚಬಾರದು, ಅಗಲ ಟೈರುಗಳಿಗಿಂತ ಜಾಸ್ತಿ ಇರಬಾರದು. ಇಲ್ಲದಿದ್ದರೆ ಗಿಡದ ಸಾಲಿನ ನಡುವೆ ನುಗ್ಗುವಾಗ ಫಸಲಿನ ರೆಕ್ಕೆಯನ್ನೇ (ಕಾಯಿ ಬಿಡುವ ಪಕ್ಕದ ಕೊಂಬೆಯನ್ನೇ) ಕಿತ್ತುಕೊಂಡು ಬರುತ್ತದೆ. ಮುಂದೆಂದಾದರೂ ವಿಂಚ್ (ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಯಂತ್ರ) ಹಾಕುವ ಯೋಚನೆ ಇದ್ದರೆ ಅದಕ್ಕೆ ಜಾಗ ಇರುವ ಬಂಪರನ್ನೇ ಈಗಲೇ ತಗೊಳ್ಳಿ. ಹಿಂದಿನದಕ್ಕೆ ಟ್ರೈಲರ್ ಕೊಂಡಿ, ಸೈಲೆನ್ಸರ್ ಬಾಯಿ ಎರಡೂ ಬಿಡುವಾಗಿರಬೇಕು, ಅಷ್ಟೇ. ರಸ್ತೆಗೆ ಇಳಿಯುವ ವಾಹನಗಳಿಗೆ ಬುಲ್ ಬಾರ್ (ಮೂತಿಗೆ ಕೂರಿಸುವ ಇಂಥ ಪೈಪಿನ ಗಾರ್ಡು) ಹಾಕುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ, ಹಾಗಾಗಿ ಈ ಅವತಾರದಲ್ಲಿ ಪೇಟೆಗೆ ಹೊರಡಬೇಡಿ. ಮತ್ತೆ, ಗಾಡಿ ಮಗುಚಿದರೆ ಬಂಪರ್ ನಿಮ್ಮನ್ನು ಉಳಿಸೋದಿಲ್ಲ. ಹೆಲ್ಮೆಟ್ ಹಾಕಿ.

ಕೂರಿಸುವಾಗ

ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ಎರಡು ಸುತ್ತು ಹಾಕಿ, ತಗಡು ಸರಿಯಾಗಿ ಕೂತ ಮೇಲೆ ಬಿಗಿ ಮಾಡಿ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಕೊನೆಯ ತೂತು ಸೇರೋದೇ ಇಲ್ಲ. ಅಲ್ಯೂಮಿನಿಯಮ್ಮಿಗೆ ಸ್ಟೀಲ್ ಬೋಲ್ಟ್ ಹಾಕುವುದಾದರೆ ಎಳೆಗೆ ಆಂಟಿ-ಸೀಜ್ ಪೇಸ್ಟ್ ಹಚ್ಚಿ, ಇಲ್ಲವಾದರೆ ಎರಡು ಮಳೆಗಾಲಕ್ಕೆ ಕಚ್ಚಿಕೊಳ್ಳುತ್ತವೆ. ಬಂಪರಿನ ಬೋಲ್ಟಿಗೆ, ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕರ್ ಸಾಕು. ಕೆಂಪು ಹಾಕಿದರೆ ಬಿಚ್ಚೋಕೆ ಬಿಸಿ ಮಾಡಬೇಕಾಗುತ್ತದೆ. ಎರಡು ಮೂರು ಸಲ ಓಡಿಸಿದ ಮೇಲೆ ಎಲ್ಲವನ್ನೂ ಇನ್ನೊಮ್ಮೆ ಬಿಗಿ ಮಾಡಿ.

ಸ್ಟೀರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ, ಗಾಡಿ ಮೇಲೆ ಇಬ್ಬರು ನಿಂತು ಸಸ್ಪೆನ್ಷನ್ ಅದುಮಿ, ಎ-ಆರ್ಮ್ ಗಾರ್ಡ್ ಟೈರಿಗೋ ಬ್ರೇಕ್ ಪೈಪಿಗೋ ತಾಗುತ್ತಾ ನೋಡಿ.

ಮಳೆಗಾಲ ಮುಗಿದ ಮೇಲೆ ಒಮ್ಮೆ ಪೂರ್ತಿ ಬಿಚ್ಚಿ ತೊಳೆಯಿರಿ. ಹೋದ ಸಲ ನಮ್ಮದನ್ನು ಬಿಚ್ಚಿದಾಗ ಅರ್ಧ ಬಾಂಡ್ಲಿ ಕೆಮ್ಮಣ್ಣು, ಒಂದು ಮುಷ್ಟಿ ಸಿಲ್ವರ್ ಓಕ್ ಎಲೆ, ಮತ್ತೆ ಜೂನ್‌ನಿಂದ ತೋಟವೆಲ್ಲ ಹುಡುಕಿ ಎಲ್ಲರನ್ನೂ ಬೈದಿದ್ದ 13 ನಂಬರ್ ಸ್ಪ್ಯಾನರ್ ಸಿಕ್ಕಿತು.